ಲಾರಿಯ ಹೇರೂ ಹಳ್ಳಿಯ ಹೊಣೆಯೂ

ಕಬ್ಬಿನ ಕಟಾವು ಪ್ರಾರಂಭವಾಯಿತೆಂದರೆ ಮಂಡ್ಯ, ಬೆಳಗಾವಿ, ಬಾಗಲಕೋಟೆ ಮೊದಲಾದ ಜಿಲ್ಲೆಗಳ ರಸ್ತೆಗಳಲ್ಲಿ ಹಗಲಿರುಳೂ ಹೇರು ತುಂಬಿದ ಲಾರಿಗಳೂ, ಎರಡೆರಡು ಟ್ರೈಲರುಗಳನ್ನು ಕಟ್ಟಿಕೊಂಡ ಟ್ರ್ಯಾಕ್ಟರುಗಳೂ ಕಾಣಬರುತ್ತವೆ. ಇವುಗಳಿಂದುಂಟಾಗುವ ಅಪಘಾತಗಳಿಗೆ ಚಾಲಕನ ಅಜಾಗ್ರತೆಯೇ ಕಾರಣವೆಂದು ಹೇಳಿ ಸುಮ್ಮನಾಗುವುದು ವಾಡಿಕೆ. ಆದರೆ ಲಾರಿಯು ಎಷ್ಟು ಭಾರವನ್ನು ಹೊತ್ತು ಹೊರಡಬೇಕೆಂಬುದು ಬಹುಮಟ್ಟಿಗೆ ತೀರ್ಮಾನವಾಗುವುದು ರಸ್ತೆಯಲ್ಲಲ್ಲ. ಗದ್ದೆಯ ಬದುವಿನಲ್ಲಿ, ಕಣದಲ್ಲಿ. "ಇನ್ನು ಹತ್ತು ಹೊರೆ ಹಾಕಿದರೆ ಒಂದು ಸುತ್ತು ತಪ್ಪುತ್ತದೆ" ಎನ್ನುವವರು ಸರಕಿನ ಒಡೆಯರೇ ಆಗಿರುತ್ತಾರೆ. ಆದುದರಿಂದ ಗ್ರಾಮದ ಮುಖಂಡರೂ ಜಮೀನುದಾರರೂ ಈ ವಿಷಯವನ್ನು ಅವಶ್ಯವಾಗಿ ತಿಳಿದಿರತಕ್ಕದ್ದು.

ಪ್ರತಿಯೊಂದು ಲಾರಿಯ ನೋಂದಣಿ ಪತ್ರದಲ್ಲಿಯೂ ಎರಡು ತೂಕಗಳು ಬರೆದಿರುತ್ತವೆ. ಒಂದು ಖಾಲಿ ಲಾರಿಯ ತೂಕ; ಮತ್ತೊಂದು, ಹೇರು ಸಹಿತವಾಗಿ ಅದು ಮೀರಬಾರದ ಒಟ್ಟು ತೂಕ. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ ಹೇರತಕ್ಕ ಭಾರವು ತಿಳಿಯುತ್ತದೆ. ಒಟ್ಟು ತೂಕ 18.5 ಟನ್ನು, ಖಾಲಿ ತೂಕ 6.5 ಟನ್ನು ಎಂದಿದ್ದರೆ ಆ ಲಾರಿಗೆ 12 ಟನ್ನಿಗಿಂತ ಹೆಚ್ಚು ಹಾಕಕೂಡದು. ಹೇರುವುದಕ್ಕೆ ಮುಂಚೆ ಈ ಪತ್ರವನ್ನು ಕೇಳಿ ನೋಡುವುದರಲ್ಲಿ ಸಂಕೋಚಪಡಬೇಕಾದುದೇನೂ ಇಲ್ಲ.

ಒಟ್ಟು ತೂಕವಲ್ಲದೆ ಒಂದೊಂದು ಅಚ್ಚಿಗೂ ಬೇರೆಬೇರೆಯಾಗಿ ಮಿತಿಯುಂಟು. ನಾಲ್ಕು ಗಾಲಿಗಳಿರುವ ಒಂಟಿ ಅಚ್ಚಿಗೆ ಹಿಂದೆ 10.2 ಟನ್ನು ಇದ್ದ ಮಿತಿಯನ್ನು 2018ರಲ್ಲಿ 11.5 ಟನ್ನಿಗೆ ಏರಿಸಲಾಯಿತು. ಈ ಮಿತಿಯ ಅರ್ಥವು ರಸ್ತೆಯ ಮೇಲಾಗುವ ಪೆಟ್ಟನ್ನು ನೋಡಿದರೆ ಸ್ಪಷ್ಟವಾಗುತ್ತದೆ. 1958ರಿಂದ 1960ರ ವರೆಗೆ ಅಮೆರಿಕದ ಇಲಿನಾಯ್ಸ್ ಪ್ರಾಂತದಲ್ಲಿ ಪರೀಕ್ಷಾರ್ಥವಾಗಿಯೇ ರಸ್ತೆಗಳನ್ನು ನಿರ್ಮಿಸಿ, ಅವುಗಳ ಮೇಲೆ ಹೇರು ತುಂಬಿದ ಲಾರಿಗಳನ್ನು ಓಡಿಸಿ ನೋಡಿದರು. ಅಚ್ಚಿನ ಭಾರವು ಹೆಚ್ಚಿದಂತೆ ರಸ್ತೆಯ ಹಾನಿಯು ಅದೇ ಪ್ರಮಾಣದಲ್ಲಿ ಹೆಚ್ಚದೆ, ಸುಮಾರು ಅದರ ನಾಲ್ಕನೆಯ ಘಾತದಂತೆ ಹೆಚ್ಚುವುದೆಂದು ಆಗ ಕಂಡುಬಂದಿತು. ಎಂದರೆ, ಭಾರವು ಇಮ್ಮಡಿಯಾದರೆ ಹಾನಿಯು ಹದಿನಾರು ಮಡಿ. 11.5 ಟನ್ನು ಬೀಳಬೇಕಾದಲ್ಲಿ 15 ಟನ್ನು ಬಿದ್ದರೆ ಹಾನಿಯು ಹೆಚ್ಚುಕಡಮೆ ಮೂರರಷ್ಟಾಗುತ್ತದೆ. ಬಹಳ ವರ್ಷ ಅರ್ಜಿ ಬರೆದು ಮಾಡಿಸಿಕೊಂಡ ಊರಿನ ರಸ್ತೆಯು ಎರಡೇ ಹಂಗಾಮಿನಲ್ಲಿ ಹಳ್ಳಬೀಳುವುದಕ್ಕೆ ಕಂಟ್ರಾಕ್ಟರನ್ನು ದೂರುವವರು ಈ ಲೆಕ್ಕವನ್ನೂ ಸ್ವಲ್ಪ ಹಾಕಿನೋಡಬಹುದು.

ಇನ್ನು ಬ್ರೇಕಿನ ವಿಚಾರ. ಎತ್ತಿನ ಬಂಡಿಯನ್ನು ಇಳಿಜಾರಿನಲ್ಲಿ ಇಳಿಸಿದವರಿಗೆ, ಹೇರು ಹೆಚ್ಚಾದಾಗ ನೊಗವು ಎತ್ತುಗಳ ಕುತ್ತಿಗೆಯನ್ನು ಹೇಗೆ ನೂಕಿಕೊಂಡು ಬರುವುದೆಂದು ಗೊತ್ತೇ ಇದೆ. ಲಾರಿಯಲ್ಲಿ ಆ ನೂಕನ್ನು ತಡೆಯತಕ್ಕದ್ದು ಬ್ರೇಕು. ತಡೆದಷ್ಟೂ ಅದು ಕಾಯುತ್ತದೆ, ಅತಿಯಾಗಿ ಕಾದರೆ ಹಿಡಿತವನ್ನು ಕಳೆದುಕೊಳ್ಳುತ್ತದೆ. ಘಟ್ಟಗಳಲ್ಲಿ ಲಾರಿಯನ್ನು ಕೆಳಗಣ ಗೇರಿನಲ್ಲಿಟ್ಟು ಎಂಜಿನಿನ ತಡೆಯಿಂದಲೇ ಇಳಿಸಬೇಕೆನ್ನುವುದು ಈ ಕಾರಣದಿಂದಲೇ. ಡೀಸೆಲ್ ಉಳಿಯಲೆಂದು ಗೇರನ್ನು ಬಿಡಿಸಿ ಇಳಿಸುವ ದುರಭ್ಯಾಸವು ಖಾಲಿ ಲಾರಿಯಲ್ಲಿಯೇ ಅಪಾಯಕರ. ಮಿತಿಮೀರಿ ಹೇರಿದ ಲಾರಿಯಲ್ಲಿ ಅದು ಪ್ರಾಣಾಂತಿಕವಾಗುತ್ತದೆ. ಹೇರಿನ ಎತ್ತರವು ಹೆಚ್ಚಿದಷ್ಟೂ ತಿರುವಿನಲ್ಲಿ ಮಗುಚುವ ಸಂಭವವೂ ಹೆಚ್ಚು.

ತೂಕದ ನಿರ್ಬಂಧವು ಹೊಸದಲ್ಲ, 1939ರ ಮೋಟಾರು ವಾಹನಗಳ ಕಾಯಿದೆಯಲ್ಲಿಯೂ ಇತ್ತು. 1988ರ ಕಾಯಿದೆಯ 114ನೆಯ ಪ್ರಕರಣದಂತೆ, ಹೇರು ಮಿತಿಮೀರಿದೆಯೆಂದು ನಂಬಲು ಕಾರಣವಿದ್ದಲ್ಲಿ ಅಧಿಕಾರಿಯು ಲಾರಿಯನ್ನು ತೂಕದ ಕಾಟಾಕ್ಕೆ ಒಯ್ಯಿಸಬಹುದು. ಆ ಕಾಟಾ ಮುಂದಣ ದಾರಿಯಿಂದ 10 ಕಿಲೋಮೀಟರಿನೊಳಗೆ, ಇಲ್ಲವೆ ಸೇರಬೇಕಾದ ಸ್ಥಳದಿಂದ 20 ಕಿಲೋಮೀಟರಿನೊಳಗೆ ಇರಬೇಕು. ತೂಕವು ಹೆಚ್ಚೆಂದು ಕಂಡುಬಂದರೆ ಹೆಚ್ಚಿನ ಹೇರನ್ನು ಅಲ್ಲಿಯೇ ಇಳಿಸಬೇಕು, ಅದೂ ಚಾಲಕನ ಸ್ವಂತ ಜವಾಬ್ದಾರಿಯ ಮೇಲೆ. ಇಳಿಸುವ ವರೆಗೆ ಲಾರಿಯು ಕದಲಕೂಡದು. 2019ರ ತಿದ್ದುಪಡಿಯ ಮೇರೆಗೆ 194ನೆಯ ಪ್ರಕರಣದಲ್ಲಿ ಜುಲ್ಮಾನೆಯು 20,000 ರೂಪಾಯಿ, ಅದರ ಮೇಲೆ ಹೆಚ್ಚಾದ ಪ್ರತಿ ಟನ್ನಿಗೂ 2,000 ರೂಪಾಯಿ, ಇಳಿಸುವ ಕೂಲಿ ಬೇರೆ. ನಿಲ್ಲಿಸದೆ ಅಥವಾ ತೂಕಕ್ಕೆ ಒಪ್ಪದೆ ಹೋಗುವ ಚಾಲಕನಿಗೆ 40,000 ರೂಪಾಯಿ. ಇಲ್ಲಿ ವಾಚಕರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಕಾಯಿದೆಯು ಲಾರಿಯನ್ನು ನಡೆಸಿದವನನ್ನು ಮಾತ್ರವಲ್ಲ, ಹಾಗೆ ನಡೆಸುವಂತೆ ಮಾಡಿದವನನ್ನೂ ನಡೆಸಗೊಟ್ಟವನನ್ನೂ ಹೆಸರಿಸುತ್ತದೆ.

ಲೆಕ್ಕವನ್ನು ನೋಡೋಣ. ಐದು ಟನ್ನು ಹೆಚ್ಚಾಗಿದ್ದರೆ ಕಾಯಿದೆಯ ಪ್ರಕಾರ ಜುಲ್ಮಾನೆಯು 30,000 ರೂಪಾಯಿ. 2025–26ನೆಯ ಹಂಗಾಮಿಗೆ ಕೇಂದ್ರ ಸರ್ಕಾರವು ಶೇಕಡಾ 10.25ರ ಸಕ್ಕರೆ ಇಳುವರಿಗೆ ಗೊತ್ತುಮಾಡಿದ ಬೆಲೆ ಟನ್ನಿಗೆ 3,550 ರೂಪಾಯಿ; ಆ ಐದು ಟನ್ನು ಕಬ್ಬಿನ ಪೂರ್ತಿ ಬೆಲೆಯೇ 17,750 ರೂಪಾಯಿ. ರಾಜಿಶುಲ್ಕವನ್ನು ರಾಜ್ಯಗಳು ಬೇರೆಯಾಗಿ ಗೊತ್ತುಮಾಡಬಹುದಾದರೂ ಉಳಿತಾಯವು ತೀರ ಅಲ್ಪವೆಂಬುದು ಸ್ಪಷ್ಟ. ಕಡಿದ ಕಬ್ಬು ಬಿಸಿಲಿನಲ್ಲಿ ಒಣಗಿ ತೂಕವನ್ನೂ ಸಕ್ಕರೆಯ ಅಂಶವನ್ನೂ ಕಳೆದುಕೊಳ್ಳುತ್ತದೆಂಬುದನ್ನು ಬೆಳೆಗಾರರಿಗೆ ಹೇಳಬೇಕಾದುದಿಲ್ಲ. ರಸ್ತೆಯ ಮಗ್ಗುಲಲ್ಲಿ ಇಳಿಸಿದ ಕಬ್ಬನ್ನು ಕಾಯುವವರಾರು, ಮರಳಿ ಹೇರುವವರಾರು?

ಹೇರಿನ ಮೇಲೆ ಜನರನ್ನು ಕೂರಿಸುವುದು ಇದಕ್ಕಿಂತಲೂ ಘೋರವಾದುದು. 2025ರ ಜನವರಿ 22ರ ಬೆಳಗಿನ ಜಾವದಲ್ಲಿ, ಸವಣೂರಿನಿಂದ ಕುಮಟೆಯ ಸಂತೆಗೆ ತರಕಾರಿ ಹಣ್ಣುಗಳೊಡನೆ ಇಪ್ಪತ್ತಕ್ಕೂ ಮಿಕ್ಕ ವ್ಯಾಪಾರಿಗಳನ್ನು ಹೊತ್ತು ಹೊರಟಿದ್ದ ಲಾರಿಯೊಂದು ಯಲ್ಲಾಪುರ ತಾಲ್ಲೂಕಿನ ಅರೆಬೈಲು ಘಟ್ಟದಲ್ಲಿ ಕಣಿವೆಗೆ ಉರುಳಿ, ಹತ್ತಕ್ಕೆ ಕಡಮೆಯಿಲ್ಲದ ಜನ ಮೃತರಾದರು. ಅವರೆಲ್ಲರೂ ಹೊಟ್ಟೆಪಾಡಿಗಾಗಿ ಹೊರಟವರು. ಇಂತಹ ಸಂದರ್ಭದಲ್ಲಿ ವಿಮೆಯ ಸ್ಥಿತಿಯನ್ನೂ ಅರಿತಿರಬೇಕು. ಸರಕಿನ ಒಡೆಯನಿಗೂ, ಅವನ ಅಧಿಕೃತ ಪ್ರತಿನಿಧಿಗೂ 1994ರ ತಿದ್ದುಪಡಿಯಿಂದ ರಕ್ಷಣೆ ದೊರೆತಿದೆ. ಸುಮ್ಮನೆ ಹತ್ತಿಕೊಂಡು ಬಂದ ಪ್ರಯಾಣಿಕರಿಗೆ ವಿಮಾ ಕಂಪನಿಯು ಹೊಣೆಯಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ತೀರ್ಪಿತ್ತಿತು. ಆಗ ಪರಿಹಾರದ ಭಾರವು ಲಾರಿಯ ಮಾಲಿಕನ ಮೇಲೆ ಬೀಳುತ್ತದೆ. ಅವನು ಬಡವನಾದರೆ ಸತ್ತವರ ಮನೆಯವರಿಗೆ ಸಿಕ್ಕುವುದು ಡಿಕ್ರಿಯ ಕಾಗದ ಮಾತ್ರ. ಕೂಲಿಯಾಳುಗಳಿಗೆ ಬೇರೆ ಗಾಡಿಯನ್ನು ಗೊತ್ತುಮಾಡುವ ಖರ್ಚನ್ನು ಜಮೀನುದಾರರು ಕಟಾವಿನ ಖರ್ಚಿನಲ್ಲಿಯೇ ಸೇರಿಸಿಕೊಳ್ಳುವುದು ಯುಕ್ತ.

ಚಾಲಕನ ನಿದ್ದೆಯ ವಿಷಯದಲ್ಲಿ ನಮ್ಮಲ್ಲಿ ಯೋಚನೆ ಕಡಮೆ. ಮೋಟಾರು ಸಾರಿಗೆ ಕಾರ್ಮಿಕರ 1961ರ ಕಾಯಿದೆಯು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯೆಂದು ಸಾಮಾನ್ಯವಾದ ಮಿತಿಯನ್ನು ಹಾಕಿತು. ಆದರೆ ಕಾರ್ಖಾನೆಯ ಬಾಗಿಲಿನಲ್ಲಿ ಸರದಿಗಾಗಿ ರಾತ್ರಿಯೆಲ್ಲ ಕಾದು, ಇಳಿಸಿದ ಕೂಡಲೆ ಮರಳಿ ಗದ್ದೆಗೆ ಓಡುವವನಿಗೆ ಈ ಗಂಟೆಗಳ ಲೆಕ್ಕವನ್ನಿಡುವವರಾರು? ಭಾರಿ ಲಾರಿಗಳಿಗೆ ಗಂಟೆಗೆ 80 ಕಿಲೋಮೀಟರಿನ ವೇಗನಿಯಂತ್ರಕವನ್ನು 2015ರಲ್ಲಿ ವಿಧಿಸಲಾಯಿತು. ಹೊಸದಾಗಿ ತಯಾರಾಗುವ 3.5 ಟನ್ನಿಗೆ ಮೇಲ್ಪಟ್ಟ ಲಾರಿಗಳ ಚಾಲಕನ ಕೋಣೆಗೆ ತಂಪುಹವೆಯ ಯಂತ್ರವೂ ಕಡ್ಡಾಯ. ಅದನ್ನು ಭೋಗವಸ್ತುವೆನ್ನುವವರು ಏಪ್ರಿಲ್ ತಿಂಗಳಲ್ಲಿ ಒಂದು ಮಧ್ಯಾಹ್ನ ಎಂಜಿನಿನ ಪಕ್ಕದಲ್ಲಿ ಕುಳಿತು ನೋಡಲಿ. ಹಳೆಯ ಲಾರಿಗಳಿಗೆ ಈ ಅನುಕೂಲವಿಲ್ಲ; ಗದ್ದೆಗೆ ಬರುವುವು ಹೆಚ್ಚಾಗಿ ಅವೇ. ಹೇರು ತುಂಬುವ ಎರಡು ಗಂಟೆ ಕಾಲ ಚಾಲಕನನ್ನು ಹಗ್ಗ ಬಿಗಿಯುವ ಕೆಲಸಕ್ಕೆ ಕರೆಯದೆ ನೆರಳಿನಲ್ಲಿ ಮಲಗಗೊಟ್ಟರೆ ಉಪಕಾರವಾಗುತ್ತದೆ. ರಾತ್ರಿ ಹೊರಡುವ ಟ್ರೈಲರಿನ ಹಿಂದೆ ಕೆಂಪು, ಮಗ್ಗುಲಲ್ಲಿ ಹಳದಿ ಪ್ರತಿಫಲನದ ಪಟ್ಟಿಗಳಿವೆಯೇ, ಜೋತುಬಿದ್ದ ಸೋಗೆಯು ಅವುಗಳನ್ನು ಮುಚ್ಚಿದೆಯೇ ಎಂದು ಲಾಂದ್ರ ಹಿಡಿದು ಒಮ್ಮೆ ನೋಡಬೇಕು.

ಅಪಘಾತವಾದಾಗ ಚಾಲಕನು ಓಡಿಹೋಗುವನೆಂಬ ದೂರು ಎಲ್ಲೆಡೆ ಕೇಳಿಬರುತ್ತದೆ. ವರದಿ ಮಾಡದೆ ಓಡುವವನಿಗೆ ಹತ್ತು ವರ್ಷಗಳ ವರೆಗೆ ಶಿಕ್ಷೆಯೆಂಬ ಹೊಸ ವಿಧಿಯ ವಿರುದ್ಧ 2024ರ ಜನವರಿಯಲ್ಲಿ ಲಾರಿ ಚಾಲಕರು ದೇಶದ ಹಲವೆಡೆ ಮುಷ್ಕರ ಹೂಡಿದರು. ಅದೇ ವರ್ಷದ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆಯು ಜಾರಿಗೆ ಬಂದಾಗ ಆ ಉಪವಿಧಿಯನ್ನು ತಡೆಹಿಡಿಯಲಾಯಿತು. ಗಾಯಾಳುವಿಗೆ ಚಿಕಿತ್ಸೆ ಒದಗಿಸುವುದು ಚಾಲಕನ ಕರ್ತವ್ಯವೆಂದು 1988ರ ಕಾಯಿದೆಯ 134ನೆಯ ಪ್ರಕರಣವು ಹೇಳುತ್ತದೆಯಾದರೂ, ಜನರ ಗುಂಪಿನ ರೋಷದಿಂದ ಅದು ಸಾಧ್ಯವಾಗದಿದ್ದಲ್ಲಿ ವಿನಾಯಿತಿಯನ್ನೂ ಕೊಡುತ್ತದೆ. ನಮ್ಮ ಹಳ್ಳಿಗರ ಕೈಯೇಟಿನ ಭಯವು ಶಾಸನದ ಮಾತಿನಲ್ಲಿಯೇ ಸೇರಿಹೋಗಿದೆ. ಚಾಲಕನನ್ನು ಹೊಡೆಯದಂತೆ ಜನರನ್ನು ತಡೆದು, ಅವನನ್ನು ಚಾವಡಿಯಲ್ಲಿಯೋ ಶಾಲೆಯಲ್ಲಿಯೋ ಕೂರಿಸಿ ಪೋಲೀಸರಿಗೆ ತಿಳಿಸುವ ಅಧಿಕಾರವಾಣಿಯು ಊರಿನ ಮುಖಂಡರಿಗಲ್ಲದೆ ಬೇರೆಯವರಿಗಿಲ್ಲ. ಗಾಯಾಳುಗಳನ್ನು ಸದ್ಭಾವದಿಂದ ಆಸ್ಪತ್ರೆಗೆ ಸಾಗಿಸಿದವರ ಮೇಲೆ ಮೊಕದ್ದಮೆಯಿಲ್ಲವೆಂದು 2019ರಲ್ಲಿ ಸೇರಿಸಿದ 134ಎ ಪ್ರಕರಣವು ಸ್ಪಷ್ಟಪಡಿಸಿದೆ. ತಮ್ಮ ಹೆಸರು ವಿಳಾಸಗಳನ್ನು ಹೇಳಲೇಬೇಕೆಂಬ ಬಲವಂತವೂ ಅವರಿಗಿಲ್ಲ.