ನಾಟಕ ಕಲಿತವರಿಗೆ ನೌಕರಿ ಎಲ್ಲಿ?

"ನಾಟಕ ಕಲಿತು ಹೊಟ್ಟೆಪಾಡಿಗೆ ಏನು ಮಾಡ್ತೀಯಪ್ಪ?" ರಂಗಶಿಕ್ಷಣಕ್ಕೆ ಹೊರಟ ಮಗನನ್ನೋ ಮಗಳನ್ನೋ ಮನೆಯ ಹಿರಿಯರು ಹೀಗೆ ಕೇಳಿದರೆ ಬೇಸರಪಟ್ಟುಕೊಳ್ಳಬೇಡಿ. ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರವನ್ನು ಲೆಕ್ಕ ಹಾಕಿ ಕೊಡಬೇಕಷ್ಟೆ.

ಲೆಕ್ಕವನ್ನು ಜಯನಗರದ ಪಕ್ಕದಿಂದಲೇ ಆರಂಭಿಸೋಣ. ಜೆ.ಪಿ. ನಗರದಲ್ಲಿ ಶಂಕರ್ ನಾಗ್ ಅವರ ನೆನಪಿಗಾಗಿ ಅರುಂಧತಿ ನಾಗ್ ಮತ್ತು ಗೆಳೆಯರು ಕಟ್ಟಿದ ರಂಗಶಂಕರ 2004ರಲ್ಲಿ ಬಾಗಿಲು ತೆರೆಯಿತು. ಸುಮಾರು 300 ಆಸನಗಳ ರಂಗಮಂದಿರ. ಟಿಕೆಟ್ಟಿಗೆ 200 ರೂಪಾಯಿ ಎಂದಿಟ್ಟುಕೊಳ್ಳಿ. ಒಂದು ಕುರ್ಚಿಯೂ ಖಾಲಿ ಉಳಿಯದಿದ್ದರೆ 60 ಸಾವಿರ ಬಂತು. ಬಾಡಿಗೆ, ಬೆಳಕು, ಉಡುಪು, ರಂಗಸಜ್ಜಿಕೆ ಸಾಗಿಸಿದ ಟೆಂಪೋ, ತಾಲೀಮಿನ ಕಾಫಿ-ತಿಂಡಿ ಎಲ್ಲ ಕಳೆದು ಅರ್ಧ ಉಳಿಯಿತೆನ್ನಿ. ಅದನ್ನು ತಂಡದ 15 ಜನ ಹಂಚಿಕೊಂಡರೆ ತಲೆಗೆ ಎರಡು ಸಾವಿರ. ಅದೂ ನಲವತ್ತೈದು ಸಂಜೆಗಳ ತಾಲೀಮಿನ ನಂತರ! ನಗರದ ಹವ್ಯಾಸಿ ತಂಡಗಳಲ್ಲಿ ಬ್ಯಾಂಕು, ಕಾಲೇಜು, ಕಂಪ್ಯೂಟರ್ ಕಂಪನಿಗಳ ನೌಕರರೇ ಹೆಚ್ಚಾಗಿರುವುದಕ್ಕೆ ಕಾರಣ ಇದೇ. ರಂಗದ ಮೇಲಿನ ಅಭಿನಯವೊಂದೇ ಬಾಡಿಗೆ ಮನೆಯ ಖರ್ಚನ್ನು ತೂಗಿಸುವುದಿಲ್ಲ.

ಹಾಗಾದರೆ ಅಭಿನಯಕ್ಕೇ ಸಂಬಳ ಕೊಡುವವರು ಇಲ್ಲವೇ? ಇದ್ದಾರೆ, ಆದರೆ ಬಹುಪಾಲು ಬೆಂಗಳೂರಿನ ಹೊರಗೆ. ಮೈಸೂರಿನ ರಂಗಾಯಣ 1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ಆರಂಭವಾಯಿತು. ಮುಂದೆ ಶಿವಮೊಗ್ಗ, ಧಾರವಾಡ, ಕಲಬುರಗಿಗಳಲ್ಲೂ ರಂಗಾಯಣಗಳಾದವು. ಹೆಗ್ಗೋಡಿನ ನೀನಾಸಂ ತಿರುಗಾಟ 1985ರಿಂದಲೂ, ಸಾಣೇಹಳ್ಳಿಯ ಶಿವಸಂಚಾರ 1997ರಿಂದಲೂ ನಾಟಕಗಳನ್ನು ಹೊತ್ತು ಊರೂರು ಸುತ್ತುತ್ತಿವೆ. ಇಲ್ಲಿ ಊಟ, ವಸತಿ, ಗೌರವಧನ ಉಂಟು. ಕಾಯಂ ನೌಕರಿಯ ಭರವಸೆ ಸಾಮಾನ್ಯವಾಗಿ ಇಲ್ಲ. ಆದರೂ ತರಬೇತಿ ಮುಗಿದ ಕೂಡಲೇ ಇಂಥ ತಂಡದಲ್ಲಿ ಒಂದೆರಡು ವರ್ಷ ಕಳೆಯುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಇಂದು ಒಂದು ಊರು, ನಾಳೆ ಇನ್ನೊಂದು. ಮೈಕಿಲ್ಲದೆ ಹಿಂದಿನ ಸಾಲಿಗೆ ಮಾತು ಮುಟ್ಟಿಸುವ ಕಲೆ ಬೇರೆಲ್ಲಿ ಸಿಕ್ಕೀತು? ರಂಗಾಯಣ ರಘು, ಸತೀಶ್ ನೀನಾಸಂ ಇವರೆಲ್ಲ ಚಿತ್ರರಂಗಕ್ಕೆ ಹೋದ ಮೇಲೂ ಕಲಿತ ಜಾಗದ ಹೆಸರನ್ನು ತಮ್ಮ ಹೆಸರಿನೊಡನೆ ಉಳಿಸಿಕೊಂಡಿದ್ದಾರೆ.

ಧಾರಾವಾಹಿಗಳ ಮಾತು ಬೇರೆ. ದಿನಗೂಲಿಯ ಲೆಕ್ಕದಲ್ಲಿ ಇದು ರಂಗಭೂಮಿಗಿಂತ ಎಷ್ಟೋ ಮೇಲು. ಆದರೆ ಪಾತ್ರ ಯಾವ ವಾರ ಮುಗಿಯುವುದೋ ಹೇಳಲಾಗದು, ಹಣ ಕೈಸೇರುವುದೂ ತಡವಾಗುವುದುಂಟು. ಒಪ್ಪಿಕೊಳ್ಳುವ ಮೊದಲು ತಿಂಗಳಿಗೆ ಎಷ್ಟು ದಿನದ ಕಾಲ್‌ಶೀಟ್, ಹಣ ಯಾವಾಗ, ನಾಟಕದ ದಿನ ಬಿಡುವು ಕೊಡುತ್ತಾರೆಯೇ ಎಂಬ ಮೂರನ್ನೂ ಕೇಳಿ ಬರೆಸಿಕೊಳ್ಳಿ. ಕೇಳಲು ಸಂಕೋಚಪಟ್ಟರೆ ಪೇಚಾಡಬೇಕಾದವರು ನೀವೇ. ನೀವು ಬಾರದೆ ನಿಂತುಹೋದ ಪ್ರದರ್ಶನಕ್ಕೆ ಉಳಿದ ಹದಿನಾಲ್ಕು ಜನರೂ ನಷ್ಟ ತೆರುತ್ತಾರೆ.

ಕಂಠಕ್ಕೂ ಬೆಲೆಯಿದೆ. ಗುಬ್ಬಿ ವೀರಣ್ಣನವರ ಮೊಮ್ಮಗಳು, ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತ ಬಿ. ಜಯಶ್ರೀ ಅನೇಕ ಚಿತ್ರನಟಿಯರಿಗೆ ದನಿ ಕೊಟ್ಟವರು. ಬೇರೆ ಭಾಷೆಯ ಚಿತ್ರ, ಧಾರಾವಾಹಿಗಳನ್ನು ಕನ್ನಡಕ್ಕೆ ಡಬ್ ಮಾಡುವುದಕ್ಕೆ ಹಿಂದೆ ಇದ್ದ ತಡೆ ಈಗ ಸಡಿಲವಾಗಿದೆ. 2020ರ ಲಾಕ್‌ಡೌನಿನಲ್ಲಿ ಕನ್ನಡದಲ್ಲಿ ಮೂಡಿದ ಮಹಾಭಾರತವನ್ನು ನೀವೂ ನೋಡಿರಬಹುದು. ಅಲ್ಪಪ್ರಾಣ, ಮಹಾಪ್ರಾಣ ತಪ್ಪದೆ ಉಚ್ಚರಿಸಬಲ್ಲವರಿಗೆ ಅಲ್ಲಿ ಕೆಲಸವಿದೆ. ಅದನ್ನು ಒಪ್ಪುವುದು ಸರಿಯೇ ಎಂಬ ಚರ್ಚೆ ಕನ್ನಡಿಗರಲ್ಲಿ ಇನ್ನೂ ಮುಗಿದಿಲ್ಲ, ಅದು ಬೇರೆ ವಿಷಯ.

ಇನ್ನು ಶಿಕ್ಷಣ. ಬೇಸಿಗೆ ಶಿಬಿರಗಳ ಎರಡು ತಿಂಗಳು ರಂಗಶಿಕ್ಷಿತರಿಗೆ ಸುಗ್ಗಿ. ಅನೇಕ ಖಾಸಗಿ ಶಾಲೆಗಳು ವರ್ಷವಿಡೀ ನಾಟಕದ ತರಗತಿ ನಡೆಸುತ್ತವೆ. ಆದರೆ ಕಾಲೇಜು ಅಧ್ಯಾಪಕರಾಗಬೇಕೆಂದರೆ ಅರ್ಹತೆಯ ಪ್ರಶ್ನೆ ಬರುತ್ತದೆ. ನೀನಾಸಂನ ಒಂದು ವರ್ಷದ ಕೋರ್ಸು ಡಿಪ್ಲೊಮಾ, ಪದವಿಯಲ್ಲ. ಪಾಠ ಹೇಳಲು ಪ್ರದರ್ಶಕ ಕಲೆಗಳಲ್ಲಿ ಸ್ನಾತಕೋತ್ತರ ಪದವಿ, ಅದರ ಮೇಲೆ ಸಾಮಾನ್ಯವಾಗಿ ಯು.ಜಿ.ಸಿ.ಯ ನೆಟ್‌ನಂಥ ಅರ್ಹತೆ ಬೇಕಾಗುತ್ತದೆ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಈ ವಿಭಾಗವಿದೆ. ಬಿ.ಎ. ಅರ್ಧಕ್ಕೆ ಬಿಟ್ಟು ನಾಟಕಕ್ಕೆ ಓಡಬೇಡಿ ಎಂದು ತಾಯಿತಂದೆ ಹೇಳಿದರೆ ಆ ಮಾತನ್ನು ಕೇಳಿ. ಶಾಲೆಯ ಆಚೆಗೂ ಕೆಲಸವಿದೆ. ರಂಗಾಯಣದ ಹುಲುಗಪ್ಪ ಕಟ್ಟೀಮನಿ ಜೈಲುಗಳಲ್ಲಿ ಕೈದಿಗಳಿಂದಲೇ ನಾಟಕ ಆಡಿಸಿದರು.

ತೆರೆಯ ಹಿಂದಿನ ಕೆಲಸವನ್ನು ಕೀಳೆಂದು ಎಣಿಸುವವರೇ ಹೆಚ್ಚು. ವಾಸ್ತವ ಬೇರೆ. ಒಂದು ತಂಡದಲ್ಲಿ ಹನ್ನೆರಡು ನಟರಿದ್ದರೆ ಬೆಳಕು ಬಲ್ಲವನು ಒಬ್ಬ, ಆ ಒಬ್ಬನನ್ನೇ ನಾಲ್ಕು ತಂಡಗಳು ಕರೆಯುತ್ತವೆ. ನೃತ್ಯ ಕಾರ್ಯಕ್ರಮ, ಕಂಪನಿಗಳ ಸಮಾರಂಭ, ಮದುವೆಯ ಆರತಕ್ಷತೆಗಳಿಗೂ ಅವನೇ ಬೇಕು. ಪ್ರಸಾಧನವೂ ಹಾಗೆಯೇ. ಬೆಂಗಳೂರಿನ ರಂಗಭೂಮಿಯಲ್ಲಿ 'ಮೇಕಪ್ ನಾಣಿ' ಎಂದರೆ ಸಾಕಿತ್ತು, ಬೇರೆ ವಿಳಾಸ ಬೇಕಿರಲಿಲ್ಲ. ಅಭಿನಯದ ಜೊತೆಗೆ ಇಂಥದೊಂದು ಕೆಲಸವನ್ನು ತರಬೇತಿಯ ವರ್ಷದಲ್ಲೇ ಕೈಗೆ ಹತ್ತಿಸಿಕೊಂಡವರು ನಗರದಲ್ಲಿ ಉಳಿಯುತ್ತಾರೆ. ಅದಿಲ್ಲದವರು ಮೊದಲ ವರ್ಷವೇ ಊರಿಗೆ ಮರಳುವುದನ್ನು ಕಾಣುತ್ತೇವೆ.

ಕೊನೆಯದಾಗಿ ಹಳ್ಳಿಯಿಂದ ಬರುವವರಿಗೆ ಒಂದು ಎಚ್ಚರಿಕೆ. ಪಾತ್ರ ಕೊಡಿಸುತ್ತೇವೆ, ಫೋಟೋ ಆಲ್ಬಮ್ಮಿಗೂ ನೋಂದಣಿಗೂ ಮೊದಲು ಹಣ ಕಟ್ಟಿ ಎನ್ನುವವರು ಈ ಊರಿನಲ್ಲಿದ್ದಾರೆ. ಅಂಥವರು ಹಣ ಕೇಳಿದ ಕೂಡಲೇ ಎದ್ದು ಬನ್ನಿ. ಅದೇ ಹಣದಲ್ಲಿ ತಿಂಗಳಿಗೆ ಹತ್ತು ನಾಟಕ ನೋಡಬಹುದು. ನಾಟಕ ಮುಗಿದ ಮೇಲೆ ತಂಡದವರನ್ನು ಮಾತನಾಡಿಸಿ, ತಾಲೀಮು ಎಲ್ಲಿ ಎಂದು ಕೇಳಿ. ರಂಗಸಜ್ಜಿಕೆ ಬಿಚ್ಚಿ ಟೆಂಪೋಗೆ ಏರಿಸುವ ಹೊತ್ತಿನಲ್ಲಿ ಕೈಜೋಡಿಸುವವರನ್ನು ಯಾವ ತಂಡವೂ ಬೇಡವೆನ್ನುವುದಿಲ್ಲ.