ಹೆಸರಿನಿಂದ ಮುಖದವರೆಗೆ

ರಾಯಚೂರು ಜಿಲ್ಲೆಯ ಕಲ್ಮಲ, ಮಾನ್ವಿ, ದೇವದುರ್ಗದವರಿಗೆ ಮಸ್ಕಿ ತಮ್ಮದೇ ಜಿಲ್ಲೆಯ ಊರು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಅಲ್ಲಿನ ಬಂಡೆಯ ಬ್ರಾಹ್ಮಿ ಶಾಸನವನ್ನು ಗುರುತಿಸಿದರು. ಅದರಲ್ಲಿ ಅಶೋಕನ ಹೆಸರೇ ಇದ್ದುದರಿಂದ, ಶಾಸನಗಳ ‘ದೇವಾನಾಂಪ್ರಿಯ’ ಅಶೋಕನೇ ಎಂಬುದು ಆಮೇಲೆ ಗಟ್ಟಿಯಾಯಿತು. ಹೀಗೆ ಹೆಸರು ಸಿಕ್ಕಿತು.

ಮುಖ ಸಿಕ್ಕಿದ್ದು ಕಲಬುರಗಿ ಜಿಲ್ಲೆಯ ಸನ್ನತಿ ಸಮೀಪದ ಕನಗನಹಳ್ಳಿಯಲ್ಲಿ, 1990ರ ದಶಕದ ಉತ್ಖನನದಲ್ಲಿ. ಸುಣ್ಣಕಲ್ಲಿನ ಫಲಕದಲ್ಲಿ ಹೆಂಗಸರ ನಡುವೆ ರಾಜ ನಿಂತಿದ್ದಾನೆ. ಪಕ್ಕದಲ್ಲಿ ಚಾಮರ, ಮೇಲೆ ಛತ್ರಿ. ಜೊತೆಗೆ ‘ರಾಯ ಅಸೋಕೋ’ ಎಂಬ ಬರಹ. ಬರಹ ಮುಚ್ಚಿ ನೋಡಿದರೆ ಅವನು ಯಾವ ರಾಜನಾದರೂ ಆಗಬಹುದು. ಅಶೋಕ ತೀರಿ ಶತಮಾನಗಳೇ ಕಳೆದ ಮೇಲೆ ಉಳಿ ಹಿಡಿದ ಶಿಲ್ಪಿ ಅವನನ್ನು ಕಂಡವನಲ್ಲ.

ರೋಮಿನಲ್ಲಿ ರೂಢಿ ಬೇರೆಯಿತ್ತು. ಗಣ್ಯ ಮನೆತನಗಳು ಹಿರಿಯರ ಮೇಣದ ಮುಖಗಳನ್ನು ಮನೆಯಲ್ಲಿ ಕಾಪಿಡುತ್ತಿದ್ದವು; ಅಮೃತಶಿಲೆಯ ತಲೆಗಳಲ್ಲಿ ಸುಕ್ಕು, ಬೋಳುನೆತ್ತಿಯನ್ನೂ ಬಿಡದೆ ಕೆತ್ತುತ್ತಿದ್ದರು. ಅಂಥ ಮುಖಗಳು ನಾಣ್ಯವೇರಿ ನಮ್ಮಲ್ಲಿಗೂ ಬಂದವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗಸ್ಟಸ್, ಟೈಬೀರಿಯಸ್ಸರ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಪಶ್ಚಿಮದ ಕ್ಷತ್ರಪರ ಮಾದರಿಯಲ್ಲಿ ಶಾತವಾಹನರೂ ತಮ್ಮ ಬೆಳ್ಳಿ ನಾಣ್ಯಗಳ ಮೇಲೆ ರಾಜನ ತಲೆ ಅಚ್ಚೊತ್ತಿದರು.

ಆದರೂ ನಮ್ಮ ಶಿಲ್ಪಿಗಳು ಹೋಲಿಕೆಯ ಬೆನ್ನು ಹತ್ತಲಿಲ್ಲ. ವೀರಗಲ್ಲುಗಳ ವೀರರ ಮುಖ ಹೆಚ್ಚುಕಡಿಮೆ ಒಂದೇ. ಯಾರೆಂದು ಹೇಳುವುದು ಶಾಸನ. 1520ರಲ್ಲಿ ರಾಯಚೂರು ಕೋಟೆ ಗೆದ್ದ ಕೃಷ್ಣದೇವರಾಯ ತಿರುಮಲದ ದೇಗುಲದಲ್ಲಿ ಇಬ್ಬರು ರಾಣಿಯರೊಡನೆ ಕೈಮುಗಿದು ನಿಂತಿದ್ದಾನೆ. ಆ ಲೋಹವಿಗ್ರಹದ ಮೇಲೂ ಹೆಸರಿದೆ. ಅವನ ಮುಖದಲ್ಲಿ ಸಿಡುಬಿನ ಕಲೆಗಳಿದ್ದವೆಂದು ಪೋರ್ಚುಗೀಸ್ ಪ್ರವಾಸಿ ಪಾಯಸ್ ಬರೆದಿದ್ದಾನೆ; ವಿಗ್ರಹದ ಮುಖ ಮಾತ್ರ ನುಣುಪು. ದೇವರ ಮುಂದೆ ನಿಲ್ಲಬೇಕಾದದ್ದು ಭಕ್ತ, ಅವನ ಕಲೆಗಳಲ್ಲ.

ಫೋಟೊ ಬಂದ ಮೇಲೆ ಜನರ ಕಣ್ಣು ಬದಲಾಯಿತು. ಮೈಸೂರಿನ ಚಾಮರಾಜೇಂದ್ರ ಒಡೆಯರ ಅಮೃತಶಿಲೆಯ ಪ್ರತಿಮೆಯನ್ನು ಮುಂಬೈಯ ಜಿ.ಕೆ. ಮ್ಹಾತ್ರೆ ಕಡೆದರು. ಮುಖ ಹೋಲಲಿಲ್ಲ. ಆಸ್ಥಾನ ಶಿಲ್ಪಿ ಸಿದ್ಧಲಿಂಗಸ್ವಾಮಿಗಳು ಹೊಸ ತಲೆಯನ್ನೇ ಕಡೆದು ಕೂರಿಸಿದರು.

ಇಂದು ನಮ್ಮ ವೃತ್ತಗಳಲ್ಲಿ ಎರಡೂ ಪರಂಪರೆ ಜೊತೆಗಿವೆ. ಅಂಬೇಡ್ಕರರ ಮುಖ ಫೋಟೊದಿಂದ ಬಂದದ್ದು. ಬಸವಣ್ಣನವರ ಮುಖ ಶಿಲ್ಪಿಯ ಭಾವದಿಂದ ಮೂಡಿದ್ದು. ಎರಡನ್ನೂ ಜನ ಒಂದೇ ಪ್ರೀತಿಯಿಂದ ಗುರುತಿಸುತ್ತಾರೆ. ಪೀಠದ ಮೇಲೆ ಉದ್ಘಾಟಕರ ಹೆಸರಿರುತ್ತದೆ, ಮುಖ ಕೊಟ್ಟ ಶಿಲ್ಪಿಯ ಹೆಸರಿರುವುದು ಅಪರೂಪ. 13ನೇ ಶತಮಾನದಲ್ಲೇ ಸೋಮನಾಥಪುರದ ಶಿಲ್ಪಿ ಮಲ್ಲಿತಮ್ಮ ತನ್ನ ಕೆಲಸದಡಿ ಹೆಸರು ಕೆತ್ತಿದ ನಾಡಿದು. ಇನ್ನು ಮುಂದೆ ಪ್ರತಿಮೆ ನಿಲ್ಲಿಸುವವರು ಶಿಲ್ಪಿಯ ಹೆಸರನ್ನೂ ಕಲ್ಲಿಗೆ ಹಾಕಿಸಲಿ.