ಹಿತ್ತಲಿನ ಟೊಮೇಟೊ

ಟೊಮೇಟೊ ನಮ್ಮ ನಾಡಿನ ಮೂಲ ಬೆಳೆಯಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಸೀಮೆ ಅದರ ತವರು. ಮೆಕ್ಸಿಕೊದ ಜನ ಅದನ್ನು ತೋಟದ ಬೆಳೆಯಾಗಿ ಪಳಗಿಸಿದರು. ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರ ಮೂಲಕ ಯೂರೋಪನ್ನು ಸೇರಿದ ಈ ಗಿಡ ಮುಂದೆ ಐರೋಪ್ಯರೊಡನೆ ಭಾರತಕ್ಕೆ ಬಂದಿತು. ಬದನೆಯ ಬಳಗಕ್ಕೆ ಸೇರಿದ ಇದನ್ನು ಕನ್ನಡಿಗರು ಕೆಲವೆಡೆ ಚಪ್ಪರಬದನೆ ಎಂದೂ ಕೆಲವೆಡೆ ಗೂದೆಹಣ್ಣು ಎಂದೂ ಕರೆದು ತಮ್ಮದಾಗಿಸಿಕೊಂಡರು.

ಪೇಟೆಯಲ್ಲಿ ಹಣ್ಣು ಧಾರಾಳವಾಗಿ ದೊರೆಯುವಾಗ ಹಿತ್ತಲಿನಲ್ಲಿ ಅದನ್ನೇಕೆ ಬೆಳೆಯಬೇಕು? ಕೋಲಾರದ ಮಾರುಕಟ್ಟೆಯಿಂದ ಲಾರಿಯೇರಿ ದೂರದ ಊರುಗಳಿಗೆ ಹೋಗುವ ಹಣ್ಣಿಗೆ ಗಟ್ಟಿಯಾದ ಸಿಪ್ಪೆ, ಬಿಗಿಯಾದ ತಿರುಳು ಇರಲೇಬೇಕು. ಆದುದರಿಂದ ಅದನ್ನು ಪೂರ್ತಿ ಮಾಗುವ ಮೊದಲೇ ಕೀಳುತ್ತಾರೆ. ರೈತನ ದೃಷ್ಟಿಯಿಂದ ಇದು ಸರಿಯೇ. ದಾರಿಯಲ್ಲಿ ಕೊಳೆತ ಹಣ್ಣಿಗೆ ಬೆಲೆ ಕೊಡುವವರಾರು? ಆದರೆ ಬಾವಿಕಟ್ಟೆಯಿಂದ ಅಡುಗೆಮನೆಯವರೆಗೆ ಮಾತ್ರ ಪ್ರಯಾಣ ಮಾಡುವ ಹಣ್ಣಿಗೆ ಆ ಗಟ್ಟಿತನದ ಅಗತ್ಯವಿಲ್ಲ. ತೆಳುಸಿಪ್ಪೆಯ, ರಸಭರಿತವಾದ, ಸಾರಿಗೆ ಒಳ್ಳೆಯ ಹುಳಿ ಕೊಡುವ ನಾಟಿ ಹಣ್ಣನ್ನು ಮನೆಯವರು ನಿರ್ಭಯವಾಗಿ ಆರಿಸಿಕೊಳ್ಳಬಹುದು.

ಅಂದವನ್ನು ಬಯಸಿ ರುಚಿಯನ್ನು ಕಳೆದುಕೊಂಡ ಪ್ರಸಂಗವೂ ಈ ಹಣ್ಣಿನ ಚರಿತ್ರೆಯಲ್ಲಿದೆ. ಹಳೆಯ ತಳಿಗಳ ಕಾಯಿಯಲ್ಲಿ ತೊಟ್ಟಿನ ಸುತ್ತ ಕಡುಹಸಿರು ಬಣ್ಣವಿರುತ್ತಿತ್ತು. ಹಣ್ಣು ಒಂದೇ ಸಮನೆ ಕೆಂಪಾಗಲೆಂದು ತಳಿಗಾರರು ಆ ಹಸಿರಿಲ್ಲದ ಗಿಡಗಳನ್ನೇ ಆರಿಸುತ್ತ ಬಂದರು. ಕಾಯಿಯೊಳಗೆ ಸಕ್ಕರೆಯನ್ನು ಹೆಚ್ಚಿಸುವ ಗುಣವೂ ಆ ಹಸಿರಿನೊಡನೆಯೇ ಹೋಯಿತೆಂಬುದನ್ನು ವಿಜ್ಞಾನಿಗಳು 2012ರಲ್ಲಿ ತೋರಿಸಿಕೊಟ್ಟರು. ತೊಟ್ಟಿನ ಬಳಿ ತುಸು ಹಳದಿ ಉಳಿಯುವ ಪೂಸಾ ರೂಬಿಯಂತಹ ಹಣ್ಣನ್ನು ನೋಡಿ ಮೂಗು ಮುರಿಯಬೇಕಾಗಿಲ್ಲ.

ತಳಿಯನ್ನು ಆರಿಸುವಾಗ ಗಿಡದ ಬೆಳೆಯುವ ರೀತಿಯನ್ನೂ ನೋಡಬೇಕು. ಕೆಲವು ತಳಿಗಳು ಬಳ್ಳಿಯಂತೆ ನೀಳವಾಗಿ ಬೆಳೆಯುತ್ತ ತಿಂಗಳುಗಟ್ಟಲೆ ಹಣ್ಣು ಬಿಡುತ್ತವೆ. ಅವುಗಳಿಗೆ ಆಳೆತ್ತರದ ಆಸರೆ ಬೇಕು. ಇನ್ನು ಕೆಲವು ಒಂದು ಮಟ್ಟಕ್ಕೆ ಬೆಳೆದು, ತುದಿಯಲ್ಲಿ ಹೂಗೊಂಚಲು ಮೂಡಿದ ಮೇಲೆ ನಿಂತುಬಿಡುತ್ತವೆ. ಈ ಗಿಡ್ಡ ಸ್ವಭಾವದ ಸಸ್ಯ 1914ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಆಕಸ್ಮಿಕವಾಗಿ ಕಂಡುಬಂದಿತು. ಕುಂಡದಲ್ಲಿ ಬೆಳೆಯುವವರಿಗೆ ಇಂತಹುದೇ ಅನುಕೂಲ. ಆದರೆ ಇದರ ಹಣ್ಣೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಮಾಗುವುದರಿಂದ, ದಿನಕ್ಕೆ ನಾಲ್ಕು ಹಣ್ಣು ಸಾಕೆನ್ನುವ ಸಂಸಾರಕ್ಕೆ ನೀಳಗಿಡವೇ ಮೇಲು.

ಎಲ್ಲಕ್ಕಿಂತ ಕಠಿಣವಾದುದು ರೋಗದ ಪ್ರಶ್ನೆ. ನಿನ್ನೆಯವರೆಗೆ ಹಸಿರಾಗಿ ನಳನಳಿಸುತ್ತಿದ್ದ ಗಿಡ ಇದ್ದಕ್ಕಿದ್ದಂತೆ ಬಾಡಿ ಬೀಳುವುದುಂಟು. ಅದರ ಕಾಂಡವನ್ನು ಕತ್ತರಿಸಿ ತಿಳಿನೀರಿನ ಲೋಟದಲ್ಲಿ ತೂಗುಬಿಟ್ಟಾಗ ಹಾಲಿನಂತಹ ಎಳೆ ಇಳಿದುಬಂದರೆ, ಅದು ದುಂಡಾಣುಗಳಿಂದ ಬರುವ ಸೊರಗು ರೋಗವೆಂದು ತಿಳಿಯಬೇಕು. ಆ ದುಂಡಾಣುಗಳು ಮಣ್ಣಿನಲ್ಲಿಯೇ ವರ್ಷಗಟ್ಟಲೆ ಉಳಿದು, ಬದನೆ ಮೆಣಸಿನ ಗಿಡಗಳನ್ನೂ ಬಾಧಿಸುತ್ತವೆ. ಅಂತಹ ಮಡಿಯಲ್ಲಿ ಎಷ್ಟು ಗೊಬ್ಬರ ಹಾಕಿದರೂ ಸಾಧಾರಣ ತಳಿ ಉಳಿಯದು. ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ರೂಪಿಸಿದ ಅರ್ಕಾ ಆಭಾ ಎಂಬ ತಳಿ ಈ ರೋಗವನ್ನು ತಡೆದುಕೊಳ್ಳುತ್ತದೆ. ಅದೇ ಸಂಸ್ಥೆಯ ಅರ್ಕಾ ರಕ್ಷಕ್ ಎಂಬ ಸಂಕರಣ ತಳಿಯು ಸೊರಗು ರೋಗವನ್ನಲ್ಲದೆ, ಬಿಳಿನೊಣ ಹರಡುವ ಎಲೆ ಮುಟುರು ರೋಗವನ್ನೂ ಮುಂಚಿನ ಅಂಗಮಾರಿಯನ್ನೂ ಎದುರಿಸಬಲ್ಲದು. ಬೇಸಗೆಯಲ್ಲಿ ಬಿಳಿನೊಣದ ಕಾಟ ಹೆಚ್ಚು. ಆ ಕಾಲದಲ್ಲಿ ಸಸಿ ನೆಡುವವರಿಗೆ ಈ ಗುಣ ದೊಡ್ಡ ಆಸರೆ. ಆದರೂ ಬಿಸಿಲು 35 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಹೂವು ಕಾಯಿಗಟ್ಟದೆ ಉದುರುವುದನ್ನು ಇದೊಂದೇ ತಡೆಯಲಾರದು.

ಸಂಕರಣ ತಳಿಗೆ ಒಂದು ಮಿತಿಯುಂಟು. ಅದರ ಹಣ್ಣಿನ ಬೀಜವನ್ನು ಬಿತ್ತಿದರೆ ಹುಟ್ಟುವ ಗಿಡಗಳು ಒಂದೊಂದೂ ಒಂದೊಂದು ಬಗೆಯಾಗುತ್ತವೆ. ಪ್ರತಿ ಸಲವೂ ಬೀಜವನ್ನು ಕೊಳ್ಳಬೇಕು. ನಾಟಿ ತಳಿ, ಅರ್ಕಾ ವಿಕಾಸ್, ಅರ್ಕಾ ಆಭಾ ಮುಂತಾದವು ಹಾಗಲ್ಲ. ಟೊಮೇಟೊ ಹೂವು ಸಾಮಾನ್ಯವಾಗಿ ತನ್ನ ಪರಾಗದಿಂದಲೇ ಫಲಿಸುವುದರಿಂದ ಇವುಗಳ ಸಂತತಿ ತಾಯಿಗಿಡವನ್ನೇ ಹೋಲುತ್ತದೆ. ರೋಗವಿಲ್ಲದ ಗಿಡದಲ್ಲಿ ಚೆನ್ನಾಗಿ ಕಳಿತ ಹಣ್ಣನ್ನು ಆರಿಸಿ, ಬೀಜವನ್ನು ಲೋಳೆಯ ಸಮೇತ ಒಂದು ಪಾತ್ರೆಗೆ ಹಿಂಡಿ ಎರಡು ದಿನ ಹುಳಿಯಲು ಬಿಡಬೇಕು. ಲೋಳೆ ಕರಗಿದ ಮೇಲೆ ತೊಳೆದು, ತಳದಲ್ಲಿ ನಿಂತ ಬೀಜವನ್ನು ನೆರಳಿನಲ್ಲಿ ಒಣಗಿಸಿ ತೇವ ತಾಗದಂತೆ ಇಟ್ಟರೆ, ಅದು ಮೂರು ನಾಲ್ಕು ವರ್ಷ ಮೊಳೆಯುವ ಶಕ್ತಿಯನ್ನು ಉಳಿಸಿಕೊಂಡಿರುತ್ತದೆ.